ಕೇರೆ ಬಂದದ್ದು ಎಲ್ಲಿಂದ?

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಊಟ ಮುಗಿಸಿ ಪಾತ್ರೆ ಕವುಚಿ ಹಾಕುತ್ತಿದ್ದೆ. ಓಣಿಯಲ್ಲಿ ಗಲಾಟೆ ಕೇಳಿಸಿತು. ಕೈ ಒರೆಸಿಕೊಂಡು ಹೊರಗೆ ಬಂದರೆ ಮೂಲೆಮನೆಯ ಗೇಟಿನ ಎದುರು ಏಳೆಂಟು ಮಂದಿ ನಿಂತಿದ್ದರು. ನಡುವೆ ತೆಂಗಿನಕಾಯಿ ಕೀಳುವ ದೋಟಿ ಹಿಡಿದುಕೊಂಡ ಒಬ್ಬ ಹುಡುಗ. ಅವನ ಕಾಲ ಬುಡದಲ್ಲಿ ಆರಡಿ ಉದ್ದದ ಒಂದು ಕೇರೆ ಹಾವು. ತಲೆ ಜಜ್ಜಿ ಹೋಗಿತ್ತು. ಬಾಲ ಮಾತ್ರ ಇನ್ನೂ ಮೆಲ್ಲಗೆ ಹೊರಳುತ್ತಿತ್ತು.

"ಇವಕ್ಕೆಲ್ಲ ಬೇರೆ ಜಾಗವೇ ಇಲ್ಲವಾ ಮಾರಾಯ್ರೆ? ಪೇಟೆಯ ನಡುವೆ ಎಲ್ಲಿಂದ ಬರುತ್ತವೋ!" ಎಂದರು ಆಚೆಮನೆಯವರು. ಒಬ್ಬರು, ಕೇರೆ ಬಾಲದಲ್ಲಿ ಹೊಡೆದರೆ ಹೊಡೆದ ಜಾಗ ಕೊಳೆತು ಹೋಗುತ್ತದೆ ಎಂದರು. ಇನ್ನೊಬ್ಬರು, ಅದು ನಾಗರನ ಜೋಡಿ, ಒಂದು ಸತ್ತರೆ ಇನ್ನೊಂದು ಹುಡುಕಿಕೊಂಡು ಬರುತ್ತದೆ ಎಂದರು. ಎರಡೂ ಸುಳ್ಳು. ಕೇರೆಗೆ ವಿಷವಿಲ್ಲ, ಅದರ ಬಾಲದಲ್ಲೂ ಏನೂ ಇಲ್ಲ. ಅದರ ಜಾತಿ ಬೇರೆ, ನಾಗರನ ಜಾತಿ ಬೇರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಸತ್ತ ಮೇಲೆ ಮಾತಾಡಿ ಏನು ಪ್ರಯೋಜನ ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಾರಣ ಅದಲ್ಲ. ಆ ಕೇರೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರ ನನ್ನ ಹಿತ್ತಲಲ್ಲೇ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

"ಬರುತ್ತವೆ" ಎನ್ನುವ ಮಾತೇ ತಪ್ಪು ಎನ್ನುವುದು ನನ್ನ ಮೊದಲ ತಕರಾರು. ಕಾಟಿ ಬಂದಿತ್ತು, ಒಪ್ಪುತ್ತೇನೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಎಂದು ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಕಾಡಿನ ಕಾಟಿಯೊಂದು ಮಂಗಳೂರಿನ ಬೀದಿಯಲ್ಲಿ ದಿಕ್ಕು ತಪ್ಪಿ ಓಡಾಡಿತು. ಅದು ನೆಂಟನ ಹಾಗೆ ಬಂದದ್ದು. ಕೇರೆ ಹಾಗಲ್ಲ. ಕೇರೆ, ಉಡ, ಪುನುಗಿನ ಬೆಕ್ಕು, ಬಾವಲಿ, ಮಡಿವಾಳ ಹಕ್ಕಿ, ಕುಪ್ಪುಳು ಇವೆಲ್ಲ ಈ ಊರಿನ ಒಕ್ಕಲುಗಳು. ಹಂಪನಕಟ್ಟೆಯಲ್ಲಿ ಬಸ್ಸು ನಿಲ್ಲುವುದಕ್ಕೆ ಮೊದಲೇ ಇದ್ದವು. ನಾವು ಮನೆ ಕಟ್ಟಿದ ಹಾಗೆ ಅವೂ ತಮ್ಮ ಬದುಕನ್ನು ತಿದ್ದಿಕೊಂಡು, ನಮ್ಮ ಮನೆಯ ಸಂದಿಗೊಂದಿಗಳಿಗೆ ಹೊಂದಿಕೊಂಡು ಬಂದವು. ನಮ್ಮಲ್ಲಿ ಒಂದು ಗಾದೆ ಉಂಟಲ್ಲ, ಕೇರೆ ತಿನ್ನುವ ಊರಿಗೆ ಹೋದರೆ ನಡುತುಂಡು ತಿನ್ನಬೇಕು ಎಂದು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಹೇಳುವ ಮಾತು ಅದು. ಆ ಮಾತನ್ನು ನಮಗಿಂತ ಚೆನ್ನಾಗಿ ಪಾಲಿಸಿದವು ಈ ಪ್ರಾಣಿಗಳು.

ನಾನು ಮದುವೆಯಾಗಿ ಬಂದದ್ದು ಬೋಳಾರದ ಒಂದು ಹಂಚಿನ ಮನೆಗೆ. ಅಲ್ಲಿಗೆ ಹತ್ತಿರದ ಜೆಪ್ಪುವಿನಲ್ಲೇ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರು ಹಂಚಿನ ಕಾರ್ಖಾನೆ ಶುರುಮಾಡಿದ್ದು. ನೇತ್ರಾವತಿಯ ಆವೆಮಣ್ಣಿನಿಂದ ಮಾಡಿದ ಆ ಹಂಚು ಎಲ್ಲೆಲ್ಲಿಗೋ ಹೋಯಿತು, ಹಡಗು ಹತ್ತಿ ಪರದೇಶಕ್ಕೂ ಹೋಯಿತು. ನಮಗೆ ಅದು ಮಾಡು. ಗುಬ್ಬಚ್ಚಿಗೆ ಅದು ಗೂಡು. ಹಂಚಿಗೂ ಪಕ್ಕಾಸಿಗೂ ನಡುವೆ ನಾಲ್ಕು ಬೆರಳು ಹೋಗುವಷ್ಟು ಸಂದು ಇರುತ್ತದೆ, ಅದು ಸಾಕು. ಹಗಲಿಡೀ ಚಾವಡಿಯಲ್ಲಿ ಹುಲ್ಲುಕಡ್ಡಿ ಉದುರುತ್ತಿತ್ತು. ಅತ್ತೆ ಗೊಣಗುತ್ತ ಗುಡಿಸುತ್ತಿದ್ದರು, ಗೂಡನ್ನು ಮಾತ್ರ ತೆಗೆಸುತ್ತಿರಲಿಲ್ಲ. ಅಟ್ಟದಲ್ಲಿ ಒಂದು ಪುನುಗಿನ ಬೆಕ್ಕಿನ ಸಂಸಾರ. ರಾತ್ರಿ ಹತ್ತು ಗಂಟೆಗೆ ಧಡಧಡ ಎಂದು ತಲೆಯ ಮೇಲೆ ಓಡಾಟ. ಮದುವೆಯಾದ ಹೊಸತರಲ್ಲಿ ನಾನು ಹೆದರಿ ಎದ್ದು ಕೂತರೆ ಅತ್ತೆ ಆಚೆ ಕೋಣೆಯಿಂದಲೇ, "ಅದು ಡ್ಯೂಟಿಗೆ ಹೊರಟಿತು, ನೀನು ಮಲಗು" ಎನ್ನುತ್ತಿದ್ದರು. ಅದರ ಡ್ಯೂಟಿ ಏನೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇಲಿ ಹಿಡಿಯುತ್ತದೆ, ಬೈನೆಮರದ ಹಣ್ಣು, ಹಲಸು, ಪೇರಳೆ ತಿನ್ನುತ್ತದೆ, ತಿಂದ ಹಣ್ಣಿನ ಬೀಜವನ್ನು ಊರಿಡೀ ಬಿತ್ತುತ್ತದೆ. ಅಟ್ಟದಿಂದ ಇಳಿದು ಬರುವಾಗ ಗಂಧಸಾಲೆ ಅಕ್ಕಿ ಬೇಯುವಂಥ ಒಂದು ಪರಿಮಳ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ನೆನಪಾಗುವುದು ಅನ್ನವಲ್ಲ, ಆ ಅಟ್ಟ.

ಅಂಗಳದ ಮೂಲೆಯಲ್ಲಿ ಸುರಹೊನ್ನೆ ಮರ. ನೆಟ್ಟವರು ಯಾರೂ ಅಲ್ಲ, ಬಾವಲಿ ಉದುರಿಸಿದ ಕಾಯಿಯಿಂದ ಹುಟ್ಟಿದ್ದು. ಬಾವಿಯಲ್ಲಿ ಮೀನು. ಬಚ್ಚಲ ನೀರು ಹರಿಯುವ ಕೆಸುವಿನ ಗುಂಡಿಯಲ್ಲಿ ಕಪ್ಪೆ. ಕಪ್ಪೆಗೂ ಇಲಿಗೂ ಕೇರೆ. ಅದು ಬಂದಾಗ ಅತ್ತೆ, "ಹೋಗು, ಹೋಗು, ಮಕ್ಕಳಿದ್ದಾರೆ" ಎಂದು ಹಿಡಿಸೂಡಿಯನ್ನು ನೆಲಕ್ಕೆ ಎರಡು ಬಾರಿ ಬಡಿಯುವರು. ಅದು ಹೋಗುವುದು. ಅಷ್ಟೇ.

ಇದನ್ನೆಲ್ಲ ಹೇಳಿದರೆ ಹಳೆಯ ಕಾಲವೇ ಚೆನ್ನ ಎಂದು ಹಾಡುತ್ತಿದ್ದಾಳೆ ಎಂದು ನೀವು ಪುಟ ಮಗುಚಬಹುದು. ಹಾಗಲ್ಲ. ಆ ಮನೆಯಲ್ಲಿ ಬಾವಿಯಿಂದ ನೀರು ಸೇದಿ ಸೇದಿ ನನ್ನ ಭುಜ ಹೋಗಿದೆ. ನನಗೆ ನಲ್ಲಿ ಬೇಕು, ಗ್ಯಾಸು ಬೇಕು. ನನ್ನ ಜಗಳ ಇರುವುದು ಇನ್ನೊಂದು ಮಾತಿನ ಮೇಲೆ.

ನಮ್ಮ ನೆಂಟರಲ್ಲಿ ಒಬ್ಬರು ಕಟ್ಟಡ ಕಟ್ಟಿಸುವವರು. ಒಳ್ಳೆಯ ಮನುಷ್ಯ. ಒಂದು ಮದುವೆಯ ಊಟದಲ್ಲಿ ಮರ ಕಡಿಯುವ ಮಾತು ಬಂದಾಗ ಅವರು ಹೇಳಿದರು: "ಅಕ್ಕಾ, ಪ್ರಕೃತಿ ಹೊಂದಿಕೊಳ್ಳುತ್ತದೆ. ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ. ನೋಡಿ, ನವಿಲು ಬಂದಿಲ್ಲವಾ? ಕಾಗೆ ಕಡಿಮೆಯಾಯಿತಾ?" ಎಲ್ಲರೂ ಹೌದು ಹೌದು ಎಂದರು. ಪಾಯಸ ಬಂತು, ಮಾತು ಅಲ್ಲಿಗೆ ನಿಂತಿತು. ಅವತ್ತಿನಿಂದ ಆ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನವಿಲು ಬಂದಿದೆ. ನಾನು ಚಿಕ್ಕವಳಿದ್ದಾಗ ನವಿಲನ್ನು ಕ್ಯಾಲೆಂಡರಿನಲ್ಲಿ ನೋಡಿದ್ದು. ಈಗ ಊರಂಚಿನ ಗುಡ್ಡೆಗಳಲ್ಲಿ, ದೊಡ್ಡ ಕಾಲೇಜುಗಳ ಕಾಡುಬಿದ್ದ ಜಾಗದಲ್ಲಿ ಮುಂಜಾವಿಗೆ ಅದರ ಕೂಗು. ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ 2020ರಲ್ಲಿ ಬಂದ ವರದಿಯೂ ನವಿಲು ಹೆಚ್ಚಿದೆ, ಕೇರಳದಂಥ ಮಳೆನಾಡಿಗೂ ಹಬ್ಬಿದೆ ಎಂದು ಹೇಳಿತು. ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ದೊಡ್ಡ ನಗರಗಳಲ್ಲಿ ಮಾತ್ರ ಇಳಿದಿದೆ ಎಂದೂ ಅದೇ ವರದಿ ಹೇಳಿತು. ದಕ್ಕೆಗೆ ಹೋಗಿ ನೋಡಿ. ಬೋಟು ಬಂದು ಮೀನು ಇಳಿಸುವ ಹೊತ್ತಿಗೆ ಹದ್ದು, ಗರುಡ ಎಷ್ಟೊಂದು! ಬುಟ್ಟಿ ಹೊತ್ತ ಹೆಂಗಸರ ತಲೆಯಿಂದಲೇ ಬಂಗುಡೆ ಎತ್ತಿಕೊಂಡು ಹೋಗುವಷ್ಟು ಸಲಿಗೆ. ಬ್ರಹ್ಮಕಲಶದ ದಿನ ದೇವಸ್ಥಾನದ ಮೇಲೆ ಸುತ್ತು ಬಂದರೆ ನಾವು ಕೈಮುಗಿಯುವ ಗರುಡನಿಗೆ ದಿನದ ಊಟ ದಕ್ಕೆಯ ಕಸ. ಅದರಿಂದ ಗರುಡನಿಗೇನೂ ಕುಂದಿಲ್ಲ ಬಿಡಿ, ದುಡಿದು ತಿನ್ನುತ್ತಾನೆ. ಕಾಗೆಯೋ, ಈಗೀಗ ತಂತಿತುಂಡಿನಲ್ಲೇ ಗೂಡು ಕಟ್ಟುತ್ತದೆ. ಆ ಗೂಡಿನಲ್ಲೇ ಕೋಗಿಲೆ ಮೊಟ್ಟೆಯಿಟ್ಟು ಹೋಗುತ್ತದೆ. ಕೋಗಿಲೆ ತಿಂದು ಬಿಟ್ಟ ಬೀಜದಿಂದ ನಮ್ಮ ತಾರಸಿಯ ಪೈಪಿನ ಬುಡದಲ್ಲಿ ಅಶ್ವತ್ಥ ಹುಟ್ಟುತ್ತದೆ, ಮಣ್ಣೂ ಕೇಳದೆ, ನೀರೂ ಕೇಳದೆ.

ಹೊಂದಿಕೊಳ್ಳುವುದು ಹೌದು. ಆದರೆ ಯಾರು ಹೊಂದಿಕೊಳ್ಳುತ್ತಾರೆ? ಎಲ್ಲರೂ ಅಲ್ಲ. ನಾವು ಯಾವ ಬಗೆಯ ಮನೆ ಕಟ್ಟುತ್ತೇವೋ ಅದಕ್ಕೆ ತಕ್ಕವರು ಮಾತ್ರ. ಹಂಚಿನ ಮಾಡು ಹಾಕಿದರೆ ಗುಬ್ಬಚ್ಚಿ, ಪುನುಗಿನ ಬೆಕ್ಕು. ಅದನ್ನು ಕೆಡವಿ ನುಣ್ಣನೆಯ ತಾರಸಿ ಹಾಕಿ, ಮೇಲೊಂದು ಮುಚ್ಚಳ ಒಡೆದ ಟ್ಯಾಂಕಿ ಇಟ್ಟರೆ ಯಾರು ಬರುತ್ತಾರೆ?

ಯಾರು ಬಂದರು ಎಂದು ಮಂಗಳೂರಿನ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಊರಿಗೆ ಅತ್ಯಂತ ಚೆನ್ನಾಗಿ ಹೊಂದಿಕೊಂಡ ಜೀವಿ ನವಿಲಲ್ಲ, ಅನಾಫಿಲಿಸ್ ಸ್ಟೀಫನ್ಸೈ ಎಂಬ ಸೊಳ್ಳೆ. ಮಲೇರಿಯಾ ಹರಡುವ ಸೊಳ್ಳೆಗಳಲ್ಲಿ ಇದು ಪೇಟೆಯವಳು. ಚರಂಡಿಯ ಕೊಳಕು ನೀರು ಇದಕ್ಕೆ ಹೆಚ್ಚು ರುಚಿಸುವುದಿಲ್ಲ. ಟ್ಯಾಂಕಿಯ ತಿಳಿನೀರು, ಬಾವಿ, ಹೊಸ ಕಟ್ಟಡದ ಲಿಫ್ಟಿನ ಗುಂಡಿ, ಕಾಂಕ್ರೀಟು ಗಟ್ಟಿಯಾಗಲೆಂದು ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಇವೇ ಇದರ ತೊಟ್ಟಿಲು. 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಹಾಗೆಯೇ ಮಲೇರಿಯಾವೂ ಏಳತೊಡಗಿತು. ನನ್ನ ಮಗಳು ಆಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಒಂದು ತಿಂಗಳಿರುವಾಗ ಚಳಿ ಹಿಡಿದು ಮಂಚವೇ ಅಲುಗುವ ಹಾಗೆ ನಡುಗಿದಳು. ಮೂರು ಕಂಬಳಿ ಹೊದಿಸಿ ಮೇಲೆ ನಾನೇ ಮಲಗಿದೆ, ನಡುಕ ನಿಲ್ಲಲಿಲ್ಲ. ಗುಣವಾಯಿತು ಎಂದುಕೊಂಡರೆ ಎರಡು ತಿಂಗಳಿಗೆ ಪುನಃ ಬಂತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಬಗೆಯದು ಲಿವರಿನಲ್ಲಿ ಅಡಗಿ ಕೂತಿರುತ್ತದೆ. ಹದಿನಾಲ್ಕು ದಿನದ ಮಾತ್ರೆ ಪೂರ್ತಿ ನುಂಗದಿದ್ದರೆ ಹೊತ್ತು ನೋಡಿ ಎದ್ದು ಬರುತ್ತದೆ. ಮಗಳು ಏಳನೆಯ ದಿನ ಜ್ವರ ಬಿಟ್ಟಿತೆಂದು ಮಾತ್ರೆ ಬಿಟ್ಟಿದ್ದಳು. ನಾನು ಗಮನಿಸಿರಲಿಲ್ಲ.

ಆಗ ಮನೆಮನೆಗೆ ಬಂದವರು ಏನು ಕೇಳಿದರು ಗೊತ್ತೇ? "ಅಮ್ಮ, ಹೂಕುಂಡದ ತಟ್ಟೆಯಲ್ಲಿ ನೀರು ಇಟ್ಟಿದ್ದೀರಾ? ಫ್ರಿಜ್ಜಿನ ಹಿಂದೆ ನೋಡಿದ್ದೀರಾ?" ಕೇಳಬೇಕಾದ್ದೇ, ಬೇಡ ಎನ್ನುವುದಿಲ್ಲ. ಅವರು ಬಿಸಿಲಲ್ಲಿ ಮೆಟ್ಟಿಲು ಹತ್ತಿಳಿದು ದುಡಿದದ್ದರಿಂದಲೇ ಈಚಿನ ವರ್ಷಗಳಲ್ಲಿ ಮಲೇರಿಯಾ ತುಂಬ ಇಳಿದಿದೆ. ಆದರೆ ನಮ್ಮ ಮನೆಯ ಎದುರು ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಐದು ಸ್ಲ್ಯಾಬಿನ ಮೇಲೆ ಕೆರೆಯಷ್ಟು ನೀರು ನಿಂತಿತ್ತು. ಅಲ್ಲಿ ಕೆಲಸಕ್ಕೆಂದು ದೂರದಿಂದ ಬಂದ ಹೆಂಗಸರು ಮಕ್ಕಳನ್ನು ಅದೇ ನೀರಿನ ಪಕ್ಕ ಸೊಳ್ಳೆಪರದೆಯಿಲ್ಲದೆ ಮಲಗಿಸುತ್ತಿದ್ದರು. ಆ ನೀರಿಗೆ ಯಾರನ್ನು ಕೇಳಬೇಕು? ತಪ್ಪು ಹೂಕುಂಡದ್ದಾದರೆ ಅದು ಹೆಂಗಸಿನ ಅಜಾಗ್ರತೆ. ತಪ್ಪು ಲಿಫ್ಟಿನ ಗುಂಡಿಯದ್ದಾದರೆ ಅದು ಅಭಿವೃದ್ಧಿ! ಈ ಸೊಳ್ಳೆ ಈಗ ಕಡಲು ದಾಟಿದೆ. 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ ಕಾಣಿಸಿತು, ಮತ್ತೆ ಇಥಿಯೋಪಿಯಾಕ್ಕೆ ಹೋಯಿತು. ಅಲ್ಲಿ ಮಲೇರಿಯಾ ಎಂದರೆ ಹೆಚ್ಚಾಗಿ ಹಳ್ಳಿಯ ಕಾಯಿಲೆ, ಈಗ ಪೇಟೆಗೂ ಬಂತಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಚಿಂತೆಗೆ ಬಿದ್ದಿದೆ. ಅಲ್ಲಿನ ತಾಯಂದಿರನ್ನೂ ಈಗ ಯಾರಾದರೂ ಹೂಕುಂಡದ ಬಗ್ಗೆ ಕೇಳುತ್ತಿರಬಹುದು.

ಇಲಿಯೂ ಹಾಗೆಯೇ. ಕಲ್ಲುಚಪ್ಪಡಿ ಮುಚ್ಚಿದ ಚರಂಡಿ, ಅಂಗಡಿಸಾಲಿನ ಹಿಂದಿನ ಕಸದ ರಾಶಿ, ಅದಕ್ಕೆ ಇನ್ನೇನು ಬೇಕು? ಮಳೆಗಾಲದಲ್ಲಿ ಅದರ ಮೂತ್ರ ಬೆರೆತ ನೀರಿನಲ್ಲಿ ಬಿರುಕುಬಿಟ್ಟ ಹಿಮ್ಮಡಿ ಇಟ್ಟು ನಡೆದವರಿಗೆ ಇಲಿಜ್ವರ. ಆ ಇಲಿಯ ಬಿಲಕ್ಕೇ ಇಳಿದು ಹಿಡಿಯಬಲ್ಲದ್ದು ಕೇರೆ. ಅದನ್ನು ದೋಟಿಯಲ್ಲಿ ಹೊಡೆದು ಕೊಲ್ಲುತ್ತೇವೆ, ಸಂಜೆಗೆ ಅಂಗಡಿಯಿಂದ ಇಲಿಪಾಷಾಣ ತರುತ್ತೇವೆ. ಬಾವಲಿ, ಕಪ್ಪೆ, ಕೇರೆ ಇದ್ದುಬಿಟ್ಟರೆ ಜ್ವರವೇ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅಷ್ಟು ದಡ್ಡಿಯಲ್ಲ. ಸಂಬಳವಿಲ್ಲದೆ ದುಡಿಯುವವರನ್ನು ಓಡಿಸಿ, ಸಾಲಗಾರರನ್ನು ಮನೆಯೊಳಗೆ ಕರೆದು ಕೂರಿಸಿದ್ದೇವೆ ಎನ್ನುತ್ತಿದ್ದೇನೆ. ನಮ್ಮ ಕಾನೂನಿಗೂ ಇದು ತಿಳಿಯಲು ತಡವಾಯಿತು. 1972ರ ವನ್ಯಜೀವಿ ಕಾಯಿದೆ ಕಾಗೆಯನ್ನೂ ಹಣ್ಣು ತಿನ್ನುವ ಬಾವಲಿಯನ್ನೂ ಇಲಿಯ ಜೊತೆ ಒಂದೇ ಪಟ್ಟಿಯಲ್ಲಿ, ಪೀಡೆಗಳೆಂದು ಸೇರಿಸಿಟ್ಟಿತ್ತು. ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ.

ಹಾವಿನ ಹೆದರಿಕೆ ಸುಳ್ಳಲ್ಲ. ನಾಗರ, ಕಟ್ಟಹಾವು, ಕೊಳಕುಮಂಡಲ ಕಚ್ಚಿದರೆ ಮಂತ್ರ ಗಿಂತ್ರ ಎನ್ನದೆ ನೇರ ಆಸ್ಪತ್ರೆಗೇ ಓಡಬೇಕು. ಮನೆಯೊಳಗೆ ಹಾವು ಕಂಡರೆ ಹಿಡಿದು ದೂರ ಬಿಡುವವರು ಇದ್ದಾರೆ, ಅವರನ್ನು ಕರೆಯಿರಿ. ಆದರೆ ನಾಗನ ವಿಷಯದಲ್ಲಿ ನಾವು ಆಡುವ ಎರಡು ನಾಲಗೆಯ ಮಾತಿಗೆ ಏನು ಹೇಳಲಿ? ನಾಗರಪಂಚಮಿಯ ದಿನ ಕುಡುಪು ಕ್ಷೇತ್ರದಲ್ಲಿ ಸಾಲು ನಿಂತು ತನು ಹಾಕಿಸುತ್ತೇವೆ, ಮನೆಗೆ ಬಂದು ಅರಸಿನ ಎಲೆಯ ಕಡುಬು ಮಾಡುತ್ತೇವೆ. ಮಾರನೆಯ ದಿನ ನಾಗಬನಕ್ಕೆ ಮರ ಕಡಿಯುವವನನ್ನು ಕರೆಸುತ್ತೇವೆ.

ನಮ್ಮ ಕುಟುಂಬದ ಬನವನ್ನೇ ಹೇಳುತ್ತೇನೆ, ಬೇರೆಯವರದ್ದೇಕೆ? ಐದು ಸೆಂಟ್ಸು ಜಾಗ. ಕಾಸರಕ, ಬೈನೆ, ಸುರಗಿ, ಮೇಲೆಲ್ಲ ಹೆಣೆದುಕೊಂಡ ಬಳ್ಳಿ. ಮಧ್ಯಾಹ್ನವೂ ಮಬ್ಬುಗತ್ತಲೆ. ಚಪ್ಪಲಿ ಬಿಟ್ಟು ಹೋದರೆ ಪಾದದಡಿ ತಣ್ಣನೆಯ ತರಗೆಲೆ. ಕಡಿದರೆ ದೋಷ ಎಂಬ ಹೆದರಿಕೆಯೇ ಅದಕ್ಕೆ ಬೇಲಿಯಾಗಿತ್ತು. ಕೆಲವು ವರ್ಷಗಳ ಹಿಂದೆ ಕುಟುಂಬದವರು ಸೇರಿ ಜೀರ್ಣೋದ್ಧಾರ ಮಾಡಿದರು. ಹಣ ಚೆನ್ನಾಗಿ ಕೂಡಿತು, ಪರವೂರಿನಿಂದಲೂ ಬಂತು. ಈಗ ಅಲ್ಲಿ ಗ್ರಾನೈಟಿನ ಕಟ್ಟೆ, ಸ್ಟೀಲಿನ ಕೈತಾಂಗು, ಮೇಲೆ ತಗಡಿನ ಚಪ್ಪರ, ದಾನಿಗಳ ಹೆಸರಿನ ಫಲಕ. ಒಂದು ಮರವನ್ನು ಮಾತ್ರ ಶಾಸ್ತ್ರಕ್ಕೆಂದು ಉಳಿಸಿದ್ದಾರೆ, ಅದರ ಬುಡಕ್ಕೂ ಸಿಮೆಂಟು. ಕಳೆದ ಬಾರಿ ಹೋದಾಗ ಕಾಲು ಸುಟ್ಟು ಕುಣಿಯುವ ಹಾಗಾಯಿತು. ಕಲ್ಲಿನ ನಾಗ ಒಳಗಿದ್ದಾನೆ, ಉಸಿರಾಡುವ ನಾಗ ಹುತ್ತ ಸಹಿತ ಹೊರಗೆ. ಆ ನಾಗ ಎಲ್ಲಿಗೆ ಹೋಗಬೇಕು? ಪಕ್ಕದ ಬಡಾವಣೆಗೆ, ನಿಮ್ಮ ಬಚ್ಚಲುಕೋಣೆಗೆ. ಆಗ ನಾವು ಕೇಳುತ್ತೇವೆ, ಎಲ್ಲಿಂದ ಬಂತೋ! ಇಂಥ ಬನಗಳು ಈ ಜಿಲ್ಲೆಯಲ್ಲಿ ಎಷ್ಟು ಕಡೆ ಹೀಗೆ ಬೋಳಾಗಿವೆ ಎಂದು ಸುತ್ತ ನೋಡಿದವರಿಗೆ ಗೊತ್ತು. ಸಭೆಯಲ್ಲಿ ನಾನು ಮಾತೆತ್ತಿದ್ದೆ. "ಹೆಂಗಸರಿಗೆ ಇದರಲ್ಲಿ ಏನು ಗೊತ್ತು?" ಎಂದರು. ತಂಬಿಲದ ದಿನ ಆ ಕಟ್ಟೆ ತೊಳೆಯುವುದು ಮಾತ್ರ ಹೆಂಗಸರು.

ಇಷ್ಟು ಬೈದವಳು ನನ್ನ ಹಿತ್ತಲ ಮಾತು ಹೇಳದಿದ್ದರೆ ಮೋಸ. ಈಗಿರುವ ಮನೆಗೆ ಮೂರು ವರ್ಷದ ಹಿಂದೆ ಸುತ್ತಲೂ ಇಂಟರ್‌ಲಾಕ್ ಹಾಕಿಸಿದವಳು ನಾನೇ. ಯಾರೂ ಒತ್ತಾಯಿಸಲಿಲ್ಲ. ಹಲಸಿನ ಎಲೆ ಗುಡಿಸಿ ಸೊಂಟ ಬಿದ್ದುಹೋಗಿತ್ತು. ಮಳೆಗಾಲದಲ್ಲಿ ಕೆಸರುಕಾಲಿನ ಗುರುತು ಅಡುಗೆಮನೆಯ ತನಕ. ಗುತ್ತಿಗೆದಾರ ಬಂದು ಎರಡು ದಿನದಲ್ಲಿ ನೆಲವನ್ನೆಲ್ಲ ಮುಚ್ಚಿದ. ಕೆಸುವಿನ ಗುಂಡಿ, ಒಟ್ಟಿದ್ದ ಹಳೆಯ ಹಂಚು, ಕೆಂಪುಕಲ್ಲಿನ ಸಾಲು ಎಲ್ಲ ಹೋಯಿತು. ಆ ಹಂಚಿನ ರಾಶಿಯಲ್ಲಿ ಒಂದು ಕೇರೆ ಇತ್ತು. ಕೆಲಸದವರು ಕೂಗಿದಾಗ ನಾನೇ ಕಿಟಕಿಯಿಂದ ನೋಡಿದೆ, ಅದು ಗೋಡೆ ಹತ್ತಿ ಆಚೆ ಹೋಯಿತು. ಮೂಲೆಮನೆಯ ಎದುರು ಸತ್ತದ್ದು ಅದೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಆದ್ದರಿಂದ ನನ್ನ ಓದುಗ ಗೆಳತಿಯರಿಗೆ, ಪ್ರಕೃತಿಗಾಗಿ ನೀವು ಇನ್ನೂ ಸ್ವಲ್ಪ ಬಗ್ಗಿ ಗುಡಿಸಿ ಎಂದು ಉಪದೇಶ ಮಾಡುವ ಜಾತಿಗೆ ನಾನು ಸೇರಿದವಳಲ್ಲ. ಎಲೆ ಗುಡಿಸುವ ಕೆಲಸ ಹೆಂಗಸಿನ ಪಾಲಿಗೇ, ಇಲ್ಲವೇ ಅವಳು ಸಂಬಳ ಕೊಡುವ ಇನ್ನೊಬ್ಬ ಹೆಂಗಸಿನ ಪಾಲಿಗೇ ಬರುವ ತನಕ ಅವಳು ಮರ ಬೇಡ ಎಂದೇ ಅನ್ನುತ್ತಾಳೆ, ಅವಳನ್ನು ಬೈದು ಫಲವಿಲ್ಲ. ಮರ ಬೇಕು ಎಂದು ಭಾಷಣ ಮಾಡುವ ಗಂಡಸರು ಒಂದು ವಾರ ಹಿಡಿಸೂಡಿ ಹಿಡಿಯಲಿ. ಅಥವಾ ಎಲೆ ಬಿದ್ದಲ್ಲಿ ಬಿದ್ದಿರಲಿ, ಮೂಲೆಯಲ್ಲಿ ರಾಶಿ ಹಾಕಿದರೆ ಅದೇ ಗೊಬ್ಬರ. ಅಂಗಳ ಕನ್ನಡಿಯ ಹಾಗೆ ಇರಬೇಕು ಎಂದು ಯಾರು ಹೇಳಿದ್ದು? ಆ ಹಟ ನಮ್ಮದೇ. ಅದನ್ನು ಮಾತ್ರ ನಾವು ಬಿಡಬಹುದು.

ಮತ್ತೊಂದನ್ನು ಜೋರಾಗಿಯೇ ಕೇಳಬೇಕು. ಕಟ್ಟಡಕ್ಕೆ ಲೈಸೆನ್ಸು ಕೊಡುವವರು ಕಾರು ನಿಲ್ಲಿಸಲು ಎಷ್ಟು ಜಾಗ ಎಂದು ಅಳೆಯುತ್ತಾರೆ. ಬರಿಮಣ್ಣು ಎಷ್ಟು ಬಿಟ್ಟಿದ್ದೀರಿ, ನಿಂತ ಮರದ ಬುಡಕ್ಕೆ ಉಸಿರಾಡಲು ಎಷ್ಟು ಬಿಟ್ಟಿದ್ದೀರಿ, ಕಟ್ಟುವ ಕಾಲದಲ್ಲಿ ಸ್ಲ್ಯಾಬಿನ ನೀರಿಗೆ ಹೊಣೆ ಯಾರು ಎಂದೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಯಲಿ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಊರು ಮುಳುಗಿ ಮಕ್ಕಳನ್ನು ಶಾಲೆಯಿಂದ ತರಲು ನಾವು ಪಟ್ಟ ಪಾಡು ನೆನಪಿಲ್ಲವೇ? ರಾಜಕಾಲುವೆ ಒತ್ತುವರಿಯ ಮಾತು ಪೇಪರಿನಲ್ಲಿ ಬಂತು, ಸರಿ. ನಮ್ಮ ನಮ್ಮ ಅಂಗಳ ಕುಡಿಯದೆ ಬಿಟ್ಟ ನೀರಿನ ಲೆಕ್ಕ ಮಾತ್ರ ಎಲ್ಲೂ ಬರಲಿಲ್ಲ.

ಕೇರೆ ಸತ್ತ ಮುಂದಿನ ವಾರ ಅದೇ ಗುತ್ತಿಗೆದಾರನನ್ನು ಕರೆಸಿ, ಅಡುಗೆಮನೆಯ ಹಿಂದೆ ಗೋಡೆಯ ಉದ್ದಕ್ಕೂ ಐದಡಿ ಅಗಲ ಇಂಟರ್‌ಲಾಕ್ ಕೀಳಿಸಿದೆ. "ಹಾಕಿಸಿದ ದುಡ್ಡಿಗಿಂತ ತೆಗೆಸುವುದಕ್ಕೆ ಹೆಚ್ಚು ಕೊಡುತ್ತೀರಿ" ಎಂದು ಅವನು ನಕ್ಕ. ಗಂಡ ಮೂರು ದಿನ ಮಾತಾಡಲಿಲ್ಲ. ಪಾತ್ರೆ ತೊಳೆದ ನೀರು ಅಲ್ಲಿಗೆ ಹೋಗುವ ಹಾಗೆ ಮಾಡಿ ಕೆಸು ನೆಟ್ಟೆ, ತಂಗಿಯ ಮನೆಯಿಂದ ಒಡೆದ ಹಂಚು ತಂದು ಮೂಲೆಯಲ್ಲಿ ಒಟ್ಟಿದೆ. ನೀರು ನಿಲ್ಲದೆ ಇಂಗುತ್ತದೆಯೇ ಎಂದು ಮೊದಲ ತಿಂಗಳು ದಿನಾ ನೋಡಿದೆ, ಇಂಗುತ್ತದೆ. ಟ್ಯಾಂಕಿಗೆ ಹೊಸ ಮುಚ್ಚಳ ಹಾಕಿಸಿದೆ. ಚಳಿಗಾಲದ ಹೊತ್ತಿಗೆ ಮಡಿವಾಳ ಹಕ್ಕಿ ಜೋಡಿಯೊಂದು ಬಂದು ಹುಳ ಹೆಕ್ಕತೊಡಗಿತು. ಕಪ್ಪೆಯ ಸದ್ದು ಈ ಜೂನಿನಲ್ಲಿ ಕೇಳಿಸಿತು, ಅದೂ ಒಂದೇ ಒಂದು ಕಪ್ಪೆ.

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದೆ. ಹಂಚಿನ ರಾಶಿಯ ಎಡೆಯಿಂದ ತೆಳ್ಳಗಿನ ಒಂದು ತಲೆ ಹೊರಗೆ ಬಂತು. ಮರಿ ಕೇರೆ. ನಾಲಗೆ ಆಡಿಸಿ ಗಾಳಿಯನ್ನು ನೋಡಿತು, ನನ್ನನ್ನೂ ನೋಡಿರಬೇಕು, ಮತ್ತೆ ಒಳಗೆ ಹೋಯಿತು. ಅಷ್ಟರಲ್ಲಿ ಆಚೆಮನೆಯವರು ಗೋಡೆಯ ಮೇಲಿಂದ, "ಏನು ನೋಡುತ್ತಾ ನಿಂತಿದ್ದೀರಿ?" ಎಂದು ಕೇಳಿದರು. ಕೆಸು ಚೆನ್ನಾಗಿ ಬಂದಿದೆ, ಸಂಜೆ ಪತ್ರೊಡೆಗೆ ನಾಲ್ಕು ಎಲೆ ಕೊಡುತ್ತೇನೆ ಎಂದೆ.